ಪೂಜೆಗೆ ಕಟ್ಟಿದ ನೋಟ್‌ಬುಕ್ಕು

ಹೋದ ದಸರಾ ರಜೆಯಿಂದ ಈಚೆಗೆ ನಮ್ಮ ಬೀದಿಯ ಗ್ರಂಥಾಲಯದಲ್ಲಿ ಎರಡು ಪಕ್ಷದವರೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾರೆ. ಪರೀಕ್ಷೆಗೆ ಓದಲು ಬರುವ ಮಕ್ಕಳು ಒಂದು ಪಕ್ಷ. ನಮ್ಮ ಭಜನೆ ಮಂಡಳಿಯ ಹೆಂಗಸರು ಇನ್ನೊಂದು. ಇದನ್ನು ಬರೆಯುತ್ತಿರುವುದು ಯಾರ ಮೇಲೂ ದೂರು ಹೇಳಲಿಕ್ಕಲ್ಲ. ಹಾಗೆಂದು ನನಗೆ ಕೋಪವಿಲ್ಲ ಎಂದು ಸುಳ್ಳನ್ನೂ ಹೇಳಲಾರೆ. ಕೋಪ ಇದೆ. ದೇವರ ಮುಂದೆ ಕೂತಾಗಲೂ ಇಳಿಯುವುದಿಲ್ಲ. ಅವರ ಮೇಲೆ ಎಷ್ಟಿದೆಯೋ ನನ್ನ ಮೇಲೂ ಅಷ್ಟೇ ಇದೆ.

ಚಿಂತಾಮಣಿಯಲ್ಲಿ ನಮ್ಮ ಮನೆ ಗ್ರಂಥಾಲಯದ ಎದುರಿಗೇ ಇದೆ. ದೊಡ್ಡ ಕಟ್ಟಡವೇನಲ್ಲ. ಎರಡು ಕೋಣೆ, ಒಂದು ವರಾಂಡ, ಹೊರಗೋಡೆಗೆ ಬಡಿದ ಒಂದು ಕರಿಹಲಗೆ. ಬೆಳಿಗ್ಗೆ ಪೇಪರಿಗೆ ಬರುವ ರಿಟೈರಾದ ಗಂಡಸರು, ಹತ್ತು ಗಂಟೆಯ ಮೇಲೆ ಸರ್ಕಾರಿ ಕೆಲಸದ ಪರೀಕ್ಷೆಗೆ ಓದುವ ಮಕ್ಕಳು, ಮೂರು ಗಂಟೆಗೆ ಅಡಿಗೆಮನೆ ಒರೆಸಿ ಕೈ ಒಣಗಿದ ಮೇಲೆ ನಾನು. ವಾರಪತ್ರಿಕೆ ತಿರುವಿ ಹಾಕುತ್ತೇನೆ, ಸ್ತೋತ್ರದ ಪುಸ್ತಕ ಇಸಕೊಂಡು ಬರುತ್ತೇನೆ. ಮಂಡಿನೋವಿನವಳಿಗೆ ಬೀದಿ ದಾಟಿದರೆ ಪುಸ್ತಕ ಸಿಗುವುದು ಸಣ್ಣ ಭಾಗ್ಯವಲ್ಲ.

ದಸರಾ ಬಂತೆಂದರೆ ಆ ಕರಿಹಲಗೆಗೆ ಕಳೆ ಬರುತ್ತದೆ. ಗ್ರಂಥಪಾಲಕರು ಬಣ್ಣದ ಸೀಮೆಸುಣ್ಣದಲ್ಲಿ ಬರೆದಿದ್ದರು: ರಜೆಯಲ್ಲಿ ಮಕ್ಕಳಿಗೆ ಕಥೆ ಓದಿಸುವುದು, ಮಹಿಳೆಯರಿಗೆ ರಂಗೋಲಿ ಸ್ಪರ್ಧೆ, ಗುರುವಾರ ಬೆಳಿಗ್ಗೆ ಸರಸ್ವತಿ ಪೂಜೆ, ಶುಕ್ರವಾರ ಶನಿವಾರ ಗ್ರಂಥಾಲಯಕ್ಕೆ ರಜೆ. ಪೂಜೆಯ ಜವಾಬ್ದಾರಿ ನಮ್ಮ ಮಂಡಳಿಯದು. ಗ್ರಂಥಪಾಲಕರು ಹಬ್ಬಕ್ಕೆ ಕೆಂಚಾರ್ಲಹಳ್ಳಿಗೆ, ತಮ್ಮ ಅಣ್ಣನ ಟ್ರ್ಯಾಕ್ಟರಿಗೆ ಪೂಜೆ ಮಾಡಲು ಹೋಗುವವರು. ಹಾಗಾಗಿ ಬೀಗದ ಕೈಯನ್ನು ನನ್ನ ಕೈಗೆ ಕೊಟ್ಟು ಹೋಗುವುದು ಅಭ್ಯಾಸ. ಇಟ್ಟ ದೀಪ ದಶಮಿಯ ತನಕ ಆರಬಾರದಲ್ಲ, ಎಣ್ಣೆ ಹಾಕಲು ಎದುರು ಮನೆಯವಳೇ ಸರಿ.

ಪೂಜೆಗೆ ಪುಸ್ತಕ ಇಡುವ ಕ್ರಮ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಪುಸ್ತಕಗಳಿಗೆ ಕುಂಕುಮ ಇಟ್ಟು ಜೋಡಿಸಿ, ಹೊಸ ರವಿಕೆ ಕಣದಲ್ಲಿ ಸುತ್ತಿ, ಅರಿಶಿನದ ದಾರ ಕಟ್ಟಿ, ತಾಯಿಯ ಪಟದ ಮುಂದೆ ಇಡುತ್ತೇವೆ. ಇಟ್ಟ ಮೇಲೆ ಅವನ್ನು ಓದುವಂತಿಲ್ಲ, ಕದಲಿಸುವಂತಿಲ್ಲ. ವಿಜಯದಶಮಿಯ ಬೆಳಿಗ್ಗೆ ಮತ್ತೆ ಪೂಜೆ ಮಾಡಿ ಬಿಚ್ಚಿ ನಾಲ್ಕು ಸಾಲು ಓದಿದರೆ ವರ್ಷವಿಡೀ ವಿದ್ಯೆ ಕೈಬಿಡುವುದಿಲ್ಲ. ನನ್ನ ತಾಯಿ ಹಾಗೆ ಮಾಡುತ್ತಿದ್ದರು, ನಾನೂ ಹಾಗೇ ಮಾಡಿದವಳು.

ಗುರುವಾರ ಪೂಜೆ ಹನ್ನೆರಡರ ಮೇಲಾಯಿತು. ಪರೀಕ್ಷೆಯ ಮಕ್ಕಳು ಊಟಕ್ಕೆ ಎದ್ದು ಹೋಗಿದ್ದರು. ಕಪಾಟಿನಿಂದ ತೆಗೆದ ಪುಸ್ತಕ ಸಾಲದೆನಿಸಿತು. ಮೇಜಿನ ಮೇಲೆ ಅಲ್ಲೊಂದು ಇಲ್ಲೊಂದು ಬಿದ್ದಿದ್ದವನ್ನೂ ಎತ್ತಿಕೊಂಡೆ. ಪೂಜೆ ಇದೆಯೆಂದು ಹಲಗೆಯ ಮೇಲೆ ಬರೆದಿದೆ, ಬಿಟ್ಟು ಹೋದವರು ಪೂಜೆಗೆಂದೇ ಬಿಟ್ಟಿದ್ದಾರೆ ಎಂದುಕೊಂಡೆ. ಅದರಲ್ಲಿ ನೀಲಿ ರಟ್ಟಿನ ದಪ್ಪ ನೋಟ್‌ಬುಕ್ಕೂ ಇತ್ತು. ಬಿಚ್ಚಿ ನೋಡಲಿಲ್ಲ. ಮಂಡಳಿಯ ಹಿರಿಯವರು, ನಾವೆಲ್ಲ ದೊಡ್ಡಮ್ಮ ಎನ್ನುವವರು, ದಾರ ಎಳೆದು ಗಂಟು ಹಾಕಿದರು. ಮಂಗಳಾರತಿಯಾಯಿತು. ಪ್ರಸಾದದ ಚರ್ಪು ಹಂಚುತ್ತಿದ್ದೆವು.

ಆಗ ಆ ಹುಡುಗಿ ಬಂದಳು. ಎರಡು ಬೀದಿ ಆಚೆಯವಳು. ತಾಯಿ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮೇಡಂ. ತಂದೆ ಇಲ್ಲ. ಎರಡು ವರ್ಷದಿಂದ ಕಿಟಕಿಯ ಪಕ್ಕದ ಅದೇ ಜಾಗದಲ್ಲಿ ಕೂತು ಪಿಡಿಒ ಪರೀಕ್ಷೆಗೆ ಓದುತ್ತಿದ್ದಳು. ಮೇಜಿನ ಕೆಳಗೆ ಬಗ್ಗಿ ನೋಡಿದಳು, ಬೆಂಚಿನ ಹಿಂದೆ ನೋಡಿದಳು.

“ಆಂಟಿ, ಇಲ್ಲೊಂದು ನೋಟ್‌ಬುಕ್ ಇತ್ತು, ನೀಲಿದು. ನೋಡಿದ್ರಾ?”

“ಮೇಜಿನ ಮೇಲಿದ್ದಿದ್ದೆಲ್ಲ ಪೂಜೆಗೆ ಇಟ್ಟಾಯ್ತಮ್ಮ. ನಿಂದೂ ಇತ್ತಾ? ಒಳ್ಳೇದೇ ಆಯ್ತು ಬಿಡು.”

“ಅಯ್ಯೋ, ಭಾನುವಾರ ಎಕ್ಸಾಮು ಆಂಟಿ! ಅದನ್ನ ಬಿಚ್ಚಿ ಕೊಡಿ.”

“ದಶಮಿ ತನಕ ಬಿಚ್ಚಂಗಿಲ್ಲ. ಶನಿವಾರ ಬೆಳಿಗ್ಗೆ ಬಾ.”

“ನಾನು ಪೂಜೆಗೆ ಕೊಟ್ಟೇ ಇಲ್ವಲ್ಲ!”

“ಇಷ್ಟು ಪುಸ್ತಕ ಇದಾವೆ ಲೈಬ್ರರೀಲಿ. ಬೇರೇದು ಓದ್ಕೊ.”

ದೊಡ್ಡಮ್ಮ ಬಾಯಲ್ಲಿ ಚರ್ಪು ಇಟ್ಟುಕೊಂಡೇ ಅಂದರು, “ಓದಿದ್ದು ತಲೇಲಿರ್ಬೇಕು ಕಣಮ್ಮ, ಬುಕ್ಕಲ್ಲಿದ್ರೆ ಏನು ಬಂತು?”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹುಡುಗಿ ನಗಲಿಲ್ಲ. ಸೀದಾ ಪಟದ ಕಡೆ ಬಂದು ಕಟ್ಟಿಗೆ ಕೈ ಚಾಚಿದಳು. ನಾನು ಅವಳ ಮುಂಗೈ ಹಿಡಿದುಕೊಂಡೆ.

“ಊಟ ಮಾಡಿ ಬಂದಿದೀಯ, ಮುಟ್ಟಬೇಡ.”

ಇದು ನಾನು ನನ್ನ ಗಂಡನಿಗೂ ಹೇಳುವ ಮಾತು, ಮನೆಗೆ ಬರುವ ಎಲ್ಲ ಮಕ್ಕಳಿಗೂ ಹೇಳುವ ಮಾತು. ಆದರೆ ಆ ಮನೆಯ ಹುಡುಗಿಗೆ, ಅಷ್ಟು ಜನರ ಎದುರಿಗೆ, ಈ ಮಾತು ಹೇಗೆ ಕೇಳಿಸುತ್ತದೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಬಾಯಿಂದ ಹೊರಬಿದ್ದ ಕ್ಷಣವೇ ತಿಳಿಯಿತು. ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅವಳು ಕೈ ಬಿಡಿಸಿಕೊಂಡು ನನ್ನನ್ನು ನೋಡಿದಳು, ನನ್ನ ಹಿಂದಿದ್ದವರನ್ನೂ ನೋಡಿದಳು. ಆಮೇಲೆ ಗ್ರಂಥಪಾಲಕರ ಕಡೆ ತಿರುಗಿ, “ಸಾರ್, ನೀವಾದ್ರೂ ಹೇಳಿ” ಅಂದಳು.

ಅವರು ಹೊರಡುವ ಅವಸರದಲ್ಲಿ ಕಿಟಕಿ ಹಾಕುತ್ತಿದ್ದರು. “ಪೂಜೆ ವಿಷಯಕ್ಕೆ ನಾನು ಕೈ ಹಾಕಲ್ಲಮ್ಮ. ಅವರನ್ನೇ ಕೇಳು,” ಎಂದು ಬೀಗದ ಕೈಯನ್ನು ನನಗೆ ಕೊಟ್ಟರು.

ಹುಡುಗಿ ಚಪ್ಪಲಿ ಮೆಟ್ಟಿಕೊಳ್ಳದೆ ಕೈಯಲ್ಲಿ ಹಿಡಿದುಕೊಂಡೇ ಹೋದಳು. “ಪೊಗರು ನೋಡು,” ಅಂದರು ಯಾರೋ. ಇನ್ನೊಬ್ಬರು, “ಅವರಿಗೆ ಇದೆಲ್ಲ ಎಲ್ಲಿ ಅರ್ಥ ಆಗತ್ತೆ, ಬಿಡಿ,” ಅಂದರು. ನಾನು ಆ ಮಾತಿಗೆ ತಲೆಯಾಡಿಸಿದೆ. ಬರೆಯಲು ಕೂತ ಮೇಲೆ ಅದನ್ನು ಬಿಟ್ಟು ಬರೆಯುವುದು ಸರಿಯಲ್ಲ.

ಶುಕ್ರವಾರ ಆಯುಧಪೂಜೆ. ನಮ್ಮ ಯಜಮಾನರು ಸ್ಕೂಟರು ತೊಳೆದು ನಿಲ್ಲಿಸಿದ್ದರು. ನಾನು ಈಳಿಗೆಮಣೆ, ಮಿಕ್ಸಿ, ಹೊಲಿಗೆ ಮಿಷನ್ನು ಎಲ್ಲಕ್ಕೂ ಕುಂಕುಮ ಇಟ್ಟು ಸ್ಕೂಟರಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದೆ. ಗೇಟಿನ ಆಚೆ ಹುಡುಗಿಯ ತಾಯಿ ಬಂದು ನಿಂತರು. ಗೇಟಿನ ಚಿಲಕವನ್ನೂ ಮುಟ್ಟಲಿಲ್ಲ.

“ಬೀಗದ ಕೈ ನಿಮ್ಮತ್ರ ಇದೆಯಂತೆ. ಬಂದು ತೆಗೀರಿ.”

“ಒಳಗೆ ಬನ್ನಿ ಮೇಡಂ, ಹಬ್ಬದ ದಿನ ಬೀದೀಲಿ ನಿಂತು...”

“ಒಳಗೆ ಬರಕ್ಕೆ ಬಂದಿಲ್ಲ. ನನ್ನ ಮಗಳ ಬುಕ್ಕು ಬೇಕು.”

“ನಾಳೆ ಬೆಳಿಗ್ಗೆ ಮೊದಲು ಅವಳದ್ದೇ ತೆಗೆದು ಕೊಡ್ತೀನಿ. ನನ್ನ ಮಾತು ನಂಬಿ.”

“ನಾಳೆ ಮಧ್ಯಾಹ್ನ ಅವಳು ಸೆಂಟರಿಗೆ ಬಸ್ ಹತ್ತಬೇಕು. ಎರಡು ವರ್ಷ ಕೂತು ಬರೆದಿರೋದೆಲ್ಲ ಅದ್ರಲ್ಲಿದೆ. ನಿನ್ನೆ ಮಧ್ಯಾಹ್ನದಿಂದ ಖಾಲಿ ಕೈಯಲ್ಲಿ ಕೂತಿದಾಳೆ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಇದೇ ಕೊನೇ ಸಲ, ಗೊತ್ತಾ ನಿಮಗೆ?”

ಗೊತ್ತಿರಲಿಲ್ಲ. ಆದರೂ ನನ್ನ ಬಾಯಿಗೆ ಬಂದದ್ದು ಬೇರೆ. “ಪೂಜೆಗೆ ಕೂತಿದ್ದನ್ನ ನಡುವೆ ಎಬ್ಬಿಸಬಾರದು. ಅದರ ಕಷ್ಟ ನಿಮಗೆ ತಿಳಿಯಲ್ಲ.”

“ತಿಳಿಯಲ್ಲ. ನಮ್ಮನೇಲಿರೋದು ಬುದ್ಧನ ಪಟ. ಪುಸ್ತಕ ಮುಚ್ಚಿಟ್ಟು ಕೈ ಮುಗಿಯೋದು ನಮಗೆ ಬರಲ್ಲ. ನಿಮಗೆ ತಿಳಿದಿರೋದನ್ನೇ ಕೇಳ್ತೀನಿ. ಇನ್ನೊಬ್ಬರ ವಸ್ತುನ ಕೇಳದೆ ಎತ್ಕೊಂಡ್ರೆ ಏನಂತಾರೆ?”

“ನಾನೇನು ಕಳ್ಳೀನಾ?”

“ಕದ್ದು ದೇವರಿಗೆ ಕೊಟ್ಟಿದೀರ. ನಿಮ್ಮ ಸರಸ್ವತಿ ಕದ್ದ ಮಾಲು ಇಟ್ಕೊಳ್ತಾಳಾ, ಕೇಳಿ ಹೇಳಿ.”

ಗ್ರಂಥಾಲಯದ ಪಕ್ಕದ ಮನೆಯ ಕಿಟಕಿ ತೆರೆಯಿತು. ನಮ್ಮ ಪಕ್ಕದ ಮನೆಯವರು ಕಾರಿಗೆ ಕುಂಬಳಕಾಯಿ ಒಡೆಯಲು ಎತ್ತಿದವರು ಹಾಗೇ ನಿಂತರು.

“ದೇವರ ವಿಷಯಕ್ಕೆ ನಾಲಿಗೆ ಉದ್ದ ಮಾಡ್ಬೇಡಿ. ಹಣೇಲಿ ಬರೆದಿದ್ರೆ ನಿಮ್ಮ ಮಗಳು ಬುಕ್ಕಿಲ್ದೇನೂ ಪಾಸಾಗ್ತಾಳೆ.”

“ಹಣೇಬರಹ ನಂಬ್ಕೊಂಡಿದ್ರೆ ನಾನು ಇವತ್ತೂ ನಿಮ್ಮಂಥೋರ ಹಿತ್ತಿಲಲ್ಲೇ ನಿಂತಿರ್ತಿದ್ದೆ,” ಎಂದು ಅವರು ತಿರುಗಿ ನಡೆದುಬಿಟ್ಟರು.

ಯಜಮಾನರು ಸ್ಕೂಟರಿನ ಹಿಂದಿನಿಂದ, “ಕೊಟ್ಟುಬಿಡೆ, ಯಾಕೆ ರಂಪ ಮಾಡ್ಕೊತೀಯ?” ಅಂದರು.

“ನಿಮ್ಮ ಸ್ಕೂಟರ್ ಒರೆಸ್ಕೊಳ್ಳಿ,” ಅಂದೆ.

ಅಡಿಗೆ ಮಾಡಿದೆ. ನೈವೇದ್ಯಕ್ಕೆ ಎಲೆ ಹಾಕಿ ಕೂತೆ. ಮಂತ್ರ ನಾಲಿಗೆಯ ತುದಿಯಲ್ಲೇ ಇದ್ದರೂ ಮುಂದಕ್ಕೆ ಹೋಗಲಿಲ್ಲ. ನಮ್ಮ ಕಾಂಪೌಂಡಿನ ಕಣಗಿಲೆ ಹೂವನ್ನು ಬೆಳಕು ಹರಿಯುವ ಮುಂಚೆ ಕೋಲು ಹಾಕಿ ಕಿತ್ತುಕೊಂಡು ಹೋಗುವವರಿದ್ದಾರೆ. ಕೇಳಿದರೆ ದೇವರಿಗಲ್ಲವಾ ಅನ್ನುತ್ತಾರೆ. ಕೇಳದೆ ಕಿತ್ತ ಹೂವು ದೇವರಿಗೆ ಮುಟ್ಟುವುದಿಲ್ಲ ಎಂದು ಗೇಟಿನ ಹತ್ತಿರ ನಿಂತು ಎಷ್ಟು ವರ್ಷದಿಂದ ಬೈದಿದ್ದೇನೆ. ಆ ಹೆಂಗಸು ನನಗೆ ಹೇಳಿದ್ದೂ ಅದೇ, ಇನ್ನೂ ಒರಟಾಗಿ. ಹಾಗೆಂದು ಅವರ ಮೇಲಿನ ಸಿಟ್ಟೇನೂ ಕಡಿಮೆಯಾಗಲಿಲ್ಲ. ಕಳ್ಳಿ ಎಂದದ್ದನ್ನು ಇವತ್ತಿಗೂ ನಾನು ಮರೆತಿಲ್ಲ. ಸಿಟ್ಟು ಇದ್ದಲ್ಲೇ ಇತ್ತು, ಅವರು ಹೇಳಿದ್ದು ನಿಜ ಎನ್ನುವುದೂ ಅದರ ಪಕ್ಕದಲ್ಲಿ ಬಂದು ಕೂತಿತು. ಎಲೆಯ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ, ಅನ್ನ ಆರಿತ್ತು. ಯಜಮಾನರು ಹಸಿವು ತಾಳದೆ ಎರಡು ಸಲ ಕೆಮ್ಮಿದರು.

ಸಂಜೆ ದೀಪಕ್ಕೆ ಎಣ್ಣೆ ಹಾಕುವ ಹೊತ್ತಿಗೆ ಹೋಗಿ ಬೀಗ ತೆಗೆದೆ. ದೀಪ ಉರಿಯುತ್ತಿತ್ತು, ಆದರೆ ಎಣ್ಣೆ ಸೋರಿ ತಟ್ಟೆ ದಾಟಿ ಕಟ್ಟಿನ ಕೆಳಗೆ ಹೋಗಿತ್ತು. ಬೇರೇನೂ ಯೋಚಿಸಲಿಲ್ಲ. ಕೈಮುಗಿದು, “ತಾಯಿ, ನಾನು ಇಟ್ಟಿದ್ದೇ ತಪ್ಪು, ತೆಗೆಯೋದನ್ನ ತಪ್ಪು ಅಂತ ಎಣಿಸಬೇಡ,” ಎಂದು ಹೇಳಿ, ಕಟ್ಟನ್ನು ವಿಸರ್ಜನೆಯ ಕ್ರಮದಂತೆ ಉತ್ತರಕ್ಕೆ ಒಂದು ಅಂಗುಲ ಸರಿಸಿ, ಗಂಟು ಬಿಚ್ಚಿದೆ. ಕೆಳಗಿನ ಎರಡು ಪುಸ್ತಕದ ಅಂಚು ನೆನೆದಿತ್ತು. ನೀಲಿ ನೋಟ್‌ಬುಕ್ಕು ಮೂರನೆಯದು. ಎಣ್ಣೆ ಅದರ ತನಕ ಬಂದಿರಲಿಲ್ಲ. ಆ ದಿನ ದೇವರು ನನಗೆ ಮಾಡಿದ ದಯೆ ಅಷ್ಟೇ, ಅದನ್ನು ನಾನು ಚಿಕ್ಕದೆಂದು ಹೇಳುವುದಿಲ್ಲ.

ಬಿಚ್ಚಿ ನೋಡಬಾರದಿತ್ತು, ನೋಡಿದೆ. ಸಾಸಿವೆ ಕಾಳಿನಂಥ ಅಕ್ಷರ. ಪಂಚಾಯಿತಿ ಕಾಯಿದೆ, ಗ್ರಾಮಸಭೆ, ನರೇಗಾ, ಪ್ರತಿ ಪುಟದ ಅಂಚಿನಲ್ಲೂ ಕೆಂಪು ಶಾಯಿಯಲ್ಲಿ ಪ್ರಶ್ನೆಗಳು. ಕೊನೆಯ ಪುಟದಲ್ಲಿ ಆ ವಾರದ ದಿನಗಳನ್ನು ಬರೆದು, ಯಾವ ದಿನ ಏನು ಓದಬೇಕೆಂದು ಸಾಲು ಹಾಕಿಕೊಂಡಿದ್ದಳು. ಬುಧವಾರದ ತನಕ ಎಲ್ಲಕ್ಕೂ ಟಿಕ್ ಬಿದ್ದಿತ್ತು. ಗುರುವಾರಕ್ಕೆ ಅರ್ಧ. ಶುಕ್ರವಾರ ಬರಿದು.

ಉಳಿದ ಪುಸ್ತಕಗಳನ್ನು ಒರೆಸಿ, ಮತ್ತೆ ಸುತ್ತಿ ಕಟ್ಟಿ, ದೀಪಕ್ಕೆ ಹೊಸ ಬತ್ತಿ ಹಾಕಿ, ನೋಟ್‌ಬುಕ್ಕು ಹಿಡಿದು ಅವರ ಮನೆಗೆ ನಡೆದೆ. ಹುಡುಗಿಯೇ ಬಾಗಿಲು ತೆಗೆದಳು. ಕಣ್ಣು ಊದಿತ್ತು. ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು ರಟ್ಟಿನ ಮೇಲಿದ್ದ ಕುಂಕುಮವನ್ನು ದುಪಟ್ಟಾದ ಚುಂಗಿನಿಂದ ಒರೆಸತೊಡಗಿದಳು. ಒರೆಸಿದಷ್ಟೂ ಅದು ಹರಡಿತು.

“ನಾಳೆ ಕೊಡ್ತೀನಿ ಅಂದಿದ್ರಂತೆ?”

“ಇವತ್ತೇ ತಂದೆ ಕಣಮ್ಮ.”

“ಇವತ್ತು ಮುಗೀತಲ್ಲ ಆಂಟಿ.”

“ತಪ್ಪಾಯ್ತಮ್ಮ. ನಿನ್ನೆ ಅಂದ ಮಾತೂ ತಪ್ಪಾಯ್ತು.”

ಅವಳು ರಟ್ಟನ್ನು ಒರೆಸುತ್ತಲೇ ಇದ್ದಳು. ಒಳಗಿನಿಂದ ತಾಯಿಯ ದನಿ ಬಂತು. “ತಪ್ಪಾಯ್ತು ಅಂದ್ರೆ ಹೋದ ದಿನ ವಾಪಸ್ ಬರತ್ತಾ? ಬಾಗಿಲು ಹಾಕೇ, ಸೊಳ್ಳೆ ಬರ್ತಾವೆ.”

ಬಾಗಿಲು ಹಾಕಿಕೊಂಡಿತು. ಬೀದಿಯಲ್ಲಿ ನಿಂತು ನನಗೂ ಬಾಯಿಗೆ ನಾಲ್ಕು ಮಾತು ಬಂದವು. ನುಂಗಿಕೊಂಡು ಬಂದೆ. ಹಾಗೆ ನುಂಗುವ ಶಕ್ತಿ ಬಂದಿದ್ದೂ ದೇವರ ದಯವೇ. ಆ ದಿನ ಬೆಳಿಗ್ಗೆ ನನಗೆ ಅದಿರಲಿಲ್ಲ.

ದಶಮಿಯ ಬೆಳಿಗ್ಗೆ ಮಂಡಳಿಯವರು ಬಂದರು. ದೊಡ್ಡಮ್ಮ ಕಟ್ಟಿನ ಮುಂದೆ ಕೂತವರು ಕನ್ನಡಕ ಸರಿಮಾಡಿಕೊಂಡರು.

“ಇದು ನಾನು ಹಾಕಿದ ಗಂಟಲ್ಲ.”

“ನಾನು ಹಾಕಿದ್ದು ದೊಡ್ಡಮ್ಮ. ನಿನ್ನೆ ಬಿಚ್ಚಿದೆ.”

“ನವಮಿ ದಿನ ಬಿಚ್ಚಿದೆಯಾ! ಏಮಮ್ಮಾ, ನಿನಗೇನು ಬಂದಿತ್ತು ಕೇಡು?”

“ಆ ಹುಡುಗಿ ನೋಟ್‌ಬುಕ್ ಅವಳು ಕೊಟ್ಟಿರ್ಲಿಲ್ಲ. ಕೊಡದೇ ಇರೋದನ್ನ ಇಟ್ಟಿದ್ವಿ. ತೆಗೆದು ಕೊಟ್ಟೆ.”

“ಒಬ್ಬಳಿಗೋಸ್ಕರ ಇಷ್ಟು ಜನದ ಪೂಜೆ ಕೆಡಿಸಿದೆಯಲ್ಲ. ಇನ್ನು ಈ ಪುಸ್ತಕ ಮುಟ್ಟಿ ನಮ್ಮ ಮಕ್ಕಳಿಗೆ ಏನು ಬರತ್ತೆ?”

“ಓದಿದ್ರೆ ಬರತ್ತೆ,” ಅಂದೆ. ಆ ಮಾತು ಅಲ್ಲಿ ಬೇಕಿರಲಿಲ್ಲ, ಆದರೆ ನನಗೆ ತಡೆಯಲಾಗಲಿಲ್ಲ.

ಇನ್ನೊಬ್ಬಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು ಕೇಳಿದಳು. “ಅವರ ಮನೇತನಕ ಹೋಗಿ ಕೊಟ್ಟು ಬಂದ್ರಂತೆ ಅಕ್ಕ. ಕಾಫಿ ತಿಂಡಿ ಆಯ್ತಾ ಅಲ್ಲಿ?”

“ಕೊಟ್ಟಿದ್ರೆ ಕುಡೀತಿದ್ದೆ. ಕೊಡ್ಲಿಲ್ಲ.”

ಅದಕ್ಕೆ ಯಾರೂ ನಗಲಿಲ್ಲ. ಪೂಜೆ ಮಾತಿಲ್ಲದೆ ನಡೆಯಿತು. ಆರತಿ ತಟ್ಟೆ ನನ್ನ ಕೈಗೆ ಬರದೆ, ನನ್ನನ್ನು ದಾಟಿ ಮುಂದಿನವರಿಗೆ ಹೋಯಿತು. ಸಂಜೆ ನಮ್ಮ ಮನೆಯಲ್ಲಿ ಅರಿಶಿನ ಕುಂಕುಮಕ್ಕೆ ಹೇಳಿದ್ದೆ. ಕಡಲೆಕಾಳು ಉಸಲಿ ಒಂದು ದಬರಿ ಮಾಡಿಟ್ಟು, ತಾಂಬೂಲದ ತಟ್ಟೆ ಜೋಡಿಸಿ, ಚಾಪೆ ಹಾಸಿ ಕಾದೆ. ಒಬ್ಬರೂ ಬರಲಿಲ್ಲ. ದೊಡ್ಡಮ್ಮನ ಮನೆಗೆ ಹೋಗುವವರೆಲ್ಲ ನಮ್ಮ ಗೇಟಿನ ಮುಂದೆಯೇ ಹಾದು ಹೋದರು, ಜರಿ ಸೀರೆಯುಟ್ಟು, ಈ ಕಡೆ ಕುತ್ತಿಗೆ ತಿರುಗಿಸದೆ. ಯಜಮಾನರು ಮಾರನೆಯ ದಿನ ಮೂರು ಹೊತ್ತೂ ಉಸಲಿಯನ್ನೇ ತಿಂದರು. ಒಂದು ಮಾತು ಆಡಲಿಲ್ಲ. ಆಡದೆ ಇದ್ದದ್ದಕ್ಕೆ ನಾನು ಅವರಿಗೆ ಋಣಿ.

ಭಾನುವಾರ ಪರೀಕ್ಷೆ ಮುಗಿಯುವ ಹೊತ್ತಿನವರೆಗೆ ನಾನು ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಅದರಿಂದ ಅವಳಿಗೆ ಒಂದು ಉತ್ತರವೂ ಹೆಚ್ಚಿಗೆ ಹೊಳೆದಿರಲಾರದು, ನನಗೆ ಗೊತ್ತು. ಸುಮ್ಮನೆ ಕೂತಿರಲು ಆಗಲಿಲ್ಲ, ಅಷ್ಟೇ.

ಮಂಗಳವಾರ ಗ್ರಂಥಪಾಲಕರು ಬಂದು ಬೀಗದ ಕೈ ಕೇಳಿದರು. “ಇನ್ಮೇಲೆ ನನ್ನತ್ರಾನೇ ಇರ್ಲಿ ಅಮ್ಮ. ಎರಡೂ ಕಡೆಯಿಂದ ಕಂಪ್ಲೇಂಟು ಬಂದಿದೆ.”

“ಆವತ್ತು ನೀವು ಕೈ ಹಾಕಲ್ಲ ಅಂದ್ರಿ. ಹಾಕಿದ್ರೆ ಇಷ್ಟು ಆಗ್ತಿತ್ತಾ ಸಾರ್?”

“ನನ್ನ ನೌಕರಿ ನೋಡ್ಕೋಬೇಕಲ್ಲಮ್ಮ.”

“ಅವಳೂ ನೌಕರಿಗೇ ಓದ್ತಾ ಇದ್ದಿದ್ದು,” ಎಂದು ಬೀಗದ ಕೈ ಎತ್ತಿ ಕೊಟ್ಟೆ. ಅವರು ಅದನ್ನು ಜೇಬಿಗೆ ಹಾಕಿಕೊಂಡು ಹೊರಟರು. ಅವರ ಅಣ್ಣನ ಟ್ರ್ಯಾಕ್ಟರಿನ ಪೂಜೆ ಚೆನ್ನಾಗಿ ಆಯಿತೇ ಎಂದು ನಾನು ಕೇಳಲಿಲ್ಲ.

ಪರೀಕ್ಷೆ ಹೇಗಾಯಿತೆಂದು ನನಗೆ ಯಾರೂ ಹೇಳಲಿಲ್ಲ. ಅವರ ಬೀದಿಯಲ್ಲಿ ಹಾಲು ಹಾಕುವವರ ಬಾಯಲ್ಲಿ ಬಂದದ್ದು ಇಷ್ಟು: ಪಂಚಾಯಿತಿ ಕಾಯಿದೆಯ ಪ್ರಶ್ನೆಗಳು ಬಹಳ ಬಂದಿದ್ದವಂತೆ, ಹುಡುಗಿ ಮನೆಗೆ ಬಂದು ಅತ್ತಳಂತೆ. ಅದು ಗುರುವಾರದ ಸಾಲಿನಲ್ಲಿ ಇದ್ದದ್ದೋ, ಶುಕ್ರವಾರದ ಸಾಲಿನಲ್ಲಿ ಇದ್ದದ್ದೋ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ನೆನಪಾಗುವುದಿಲ್ಲ. ಆಗದಿರುವುದೇ ಒಳ್ಳೆಯದೇನೋ. ಫಲಿತಾಂಶ ಇನ್ನೂ ಬಂದಿಲ್ಲ.

ಅವಳು ಗ್ರಂಥಾಲಯಕ್ಕೆ ಬರುವುದನ್ನು ಬಿಟ್ಟಿಲ್ಲ. ಬೇರೆ ಯಾವುದೋ ಹುದ್ದೆಗೆ ಅರ್ಜಿ ಹಾಕಿದ್ದಾಳಂತೆ. ಅದಕ್ಕೆ ವಯಸ್ಸು ಇನ್ನೂ ಒಂದು ವರ್ಷ ಇದೆಯಂತೆ. ಇದನ್ನು ಕೇಳಿದ ದಿನ ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಮೂರು ಗಂಟೆಗೆ ನಾನು ಹೋದರೆ ಅವಳು ಕುರ್ಚಿಯನ್ನು ತಿರುಗಿಸಿ ನನಗೆ ಬೆನ್ನು ಮಾಡಿ ಕೂರುತ್ತಾಳೆ. ನಾನು ವಾರಪತ್ರಿಕೆ ಹಿಡಿದು ವರಾಂಡದಲ್ಲೇ ಕೂತು ಬರುತ್ತೇನೆ.

ಮೊನ್ನೆ ಅವಳಿಗೆ ಫೋನ್ ಬಂತು. ಒಳಗೆ ಮಾತಾಡುವಂತಿಲ್ಲವೆಂದು ಎದ್ದು ಹೊರಗೆ ಬಂದಳು. ಪೆನ್ನು, ನೀರಿನ ಬಾಟಲಿ, ದುಡ್ಡಿನ ಪರ್ಸು ಎಲ್ಲವೂ ಮೇಜಿನ ಮೇಲೆಯೇ ಇದ್ದವು. ನೀಲಿ ನೋಟ್‌ಬುಕ್ಕೊಂದನ್ನು ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಬಂದಿದ್ದಳು. ಮೆಟ್ಟಿಲ ಮೇಲೆ ನಿಂತು ಮಾತಾಡುವಷ್ಟು ಹೊತ್ತೂ ಅದನ್ನು ಆ ಕಂಕುಳಿಂದ ಈ ಕಂಕುಳಿಗೆ ಬದಲಿಸಿಕೊಂಡಳೇ ಹೊರತು ಪಕ್ಕದ ಕಟ್ಟೆಯ ಮೇಲೆ ಇಡಲಿಲ್ಲ. ನಾನು ಅದೇ ಕಟ್ಟೆಯ ಮೇಲೆ ಕೂತಿದ್ದೆ.